ಮೊಳೆಗೆ ತೂಗುಹಾಕದ ಉಂಗುರ

ಆಯಿಲ್ ಹನಿ ಹಣೆಯ ಮೇಲೆ ಬಿತ್ತು, ಬೆಚ್ಚಗಿದೆ, ಹುಬ್ಬಿನ ಅಂಚು ಹಿಡಿದು ಕಿವಿಯ ಕಡೆಗೆ ಇಳಿಯುತ್ತಿದೆ, ಒರೆಸಿಕೊಳ್ಳಲು ಕೈ ಎತ್ತುವಷ್ಟರಲ್ಲಿ ಇನ್ನೊಂದು — ಮೇಲಿನಿಂದ ಬಂದಿರಲಿ, ದೇವರೇ, ಮೇಲಿನಿಂದಲೇ ಬಂದಿರಲಿ ಎಂದು ಮೇಸ್ತ್ರಿ ಕಾರಿನ ಹೊಟ್ಟೆಯಡಿ ಅಂಗಾತ ಮಲಗಿ ಬೇಡಿಕೊಳ್ಳುತ್ತಿದ್ದಾನೆ, ಎಂಜಿನ್ನಿನ ತಲೆಯ ಮುಚ್ಚಳದಿಂದ ಸೋರಿದ್ದರೆ ಒಂದು ಗಂಟೆಯ ಕೆಲಸ, ವಯಸ್ಸಾಯ್ತು ಟೀಚರಮ್ಮ, ಗಾಡಿಗೂ ನನಗೂ ಎಂದು ನಕ್ಕು ಕಳಿಸಬಹುದು, ಕೆಳಗಿನ ಆಯಿಲ್ ತೊಟ್ಟಿಯ ಬಿರಡೆಯಿಂದಾದರೂ ಪರವಾಗಿಲ್ಲ, ಫಿಲ್ಟರಿನ ಹತ್ತಿರ ಮಾತ್ರ ಬೇಡ, ಅಲ್ಲಿಂದಾದರೆ — ಆ ಯೋಚನೆಯನ್ನು ಅವನು ಮುಂದುವರಿಸುವುದಿಲ್ಲ, ಅಲ್ಲಿಂದ ಆಗಿರಲಾರದು, ಅಷ್ಟೆ. ಅವನಿಗೆ ಕಾಣುತ್ತಿರುವುದು ಟೀಚರಮ್ಮನ ಎರಡು ಕಂದು ಚಪ್ಪಲಿ ಮಾತ್ರ, ನಿವೃತ್ತರಾಗಿ ಒಂಬತ್ತು ವರ್ಷವಾದರೂ ಆ ಚಪ್ಪಲಿಗಳು ಪರೀಕ್ಷೆಯ ಕೋಣೆಯಲ್ಲಿ ಕಾವಲು ನಿಂತ ಹಾಗೆಯೇ ನಿಲ್ಲುತ್ತವೆ, ದನಿ ಮೇಲೆಲ್ಲಿಂದಲೋ ಬರುತ್ತದೆ, ನಿನ್ನೆ ತಾನೇ ಆಯಿಲ್ ಬದಲಾಯಿಸಿ ಕೊಟ್ರಿ, ಬೆಳಿಗ್ಗೆ ನೋಡಿದ್ರೆ ನೆಲದ ಮೇಲೆ ತಟ್ಟೆಯಗಲ ಕರಿ ಕಲೆ, ಇದು ಸರಿಯಾ ಮೇಸ್ತ್ರಿ, ಸರಿಯಲ್ಲ ಎಂದು ಅವನು ಒಪ್ಪಿಕೊಳ್ಳುತ್ತಾನೆ, ಮೂವತ್ತನಾಲ್ಕು ವರ್ಷದಲ್ಲಿ ಅವನ ಕೈಯಿಂದ ಹೋದ ಗಾಡಿ ಮಾರನೇ ದಿನವೇ ಸೋರಿಕೊಂಡು ವಾಪಸು ಬಂದದ್ದಿಲ್ಲ, ಬಂದಿದ್ದರೂ ಹೀಗೆ ದೇವರನ್ನು ಬೇಡಿಕೊಳ್ಳುತ್ತಿರಲಿಲ್ಲ, ಆದರೆ ನಿನ್ನೆ ಇದೇ ಜಾಗದಲ್ಲಿ, ಇಂಥದೇ ಎಂಜಿನ್ನಿನ ಇನ್ನೊಂದು ಕಾರಿಗೆ ಇದೇ ಕೈಯಿಂದ ಇದೇ ಕೆಲಸ ಮಾಡಿದ್ದ, ಆ ಕಾರು ಮಗಳದು, ಬೆಳಿಗ್ಗೆ ಏಳಕ್ಕೆ ಮಗಳು ಮೊಮ್ಮಗಳನ್ನು ಕೂರಿಸಿಕೊಂಡು ಗಂಡ ಇರುವ ಊರಿಗೆ ಹೊರಟಳು, ಈಗ ಹತ್ತು ಗಂಟೆ, ಹನ್ನೊಂದರ ಹೊತ್ತಿಗೆ ಬೆಟ್ಟದ ನೆತ್ತಿ, ಆಮೇಲೆ ಇಳಿಜಾರು, ಇಪ್ಪತ್ತೆರಡು ತಿರುವು — ಹಿಂದಿನ ಕಿಟಕಿಯಿಂದ ಹೊರಗೆ ಚಾಚಿದ ಪುಟ್ಟ ಕೈ ಅಲ್ಲಾಡುತ್ತ ಅಲ್ಲಾಡುತ್ತ ಬೀದಿಯ ಕೊನೆಯಲ್ಲಿ ಮರೆಯಾಯಿತು, ಅವನೂ ಕೈ ಬೀಸಿದ.

ಆಯಿಲ್ ಮಹಾ ಸುಳ್ಳುಗಾರ, ಸೋರುವುದು ಒಂದು ಕಡೆ, ತೊಟ್ಟಿಕ್ಕುವುದು ಇನ್ನೊಂದು ಕಡೆ, ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ, ಸಂದು ಸಿಕ್ಕಲ್ಲಿ ತಾನೇ ಕೆಳಗಿಳಿಯುತ್ತದೆ, ಒದ್ದೆ ಕಂಡಲ್ಲೆಲ್ಲ ಕೈ ಹಾಕುವವನು ಮೂರು ದಿನ ತಲೆ ಕೆರೆದುಕೊಂಡು ಕೂರಬೇಕಾಗುತ್ತದೆ, ಹಾಗಾಗಿ ಮೊದಲು ತೊಳೆಯಬೇಕು, ಬ್ರಷ್ಷನ್ನು ಡೀಸೆಲ್ಲಿನಲ್ಲಿ ಅದ್ದಿ ಮೇಲಿನಿಂದ ಕೆಳಕ್ಕೆ ಉಜ್ಜುತ್ತಾನೆ, ಗಾಳಿ ಹೊಡೆದು ಒಣಗಿಸುತ್ತಾನೆ, ನಿಧಾನ, ನಿಧಾನ ಎಂದು ಕೈಗೆ ಹೇಳಿದರೂ ಅದು ಕಿವಿಗೆ ಹಾಕಿಕೊಳ್ಳುತ್ತಿಲ್ಲ, ಆಮೇಲೆ ಪೌಡರು ಉದುರಿಸಿ ಎಂಜಿನ್ ಓಡಿಸಬೇಕು, ಬೆಳ್ಳಗಿದ್ದದ್ದು ಬೆಳ್ಳಗೇ ಉಳಿದರೆ ಅಲ್ಲಿ ಸೋರಿಕೆಯಿಲ್ಲ, ಕರಿ ಗೆರೆ ಮೂಡಿದರೆ ಕಳ್ಳ ಅಲ್ಲೇ. ಗೂಡಿನಲ್ಲಿದ್ದ ಸೀಮೆಸುಣ್ಣದ ಪುಡಿ ಮುಗಿದಿದೆ, ಪಕ್ಕದಲ್ಲಿ ಮೊಮ್ಮಗಳ ಪೌಡರಿನ ಡಬ್ಬ, ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ಮರೆತದ್ದು, ಮುಖಕ್ಕೆ, ಕೈಗೆ, ಕೊನೆಗೆ ಅಜ್ಜನ ಮೀಸೆಗೂ ಹಚ್ಚಿ ಹೋದಳು, ಅವಳನ್ನು ಮನೆಯಲ್ಲಿ ಮೆಣಸು ಎಂದೇ ಕರೆಯುವುದು, ನಾಲ್ಕು ವರ್ಷದ ಗಾತ್ರಕ್ಕೆ ಆ ಖಾರ ತುಸು ಹೆಚ್ಚೇ, ಡಬ್ಬ ತಟ್ಟಿದರೆ ಗ್ರೀಸು, ಡೀಸೆಲ್ಲಿನ ನಡುವೆ ಮಗುವಿನ ವಾಸನೆ, ಏನಾಗಿದೆ ಈಗ, ಏನೂ ಆಗಿಲ್ಲ, ಯಾರಿಗೂ ಏನೂ ಆಗಿಲ್ಲ. ನಿನ್ನೆ ಮೂರು ಫಿಲ್ಟರು ಬದಲಾಯಿಸಿದ್ದ, ಮೊದಲು ಹಾಲಿನ ವ್ಯಾನು, ಆಮೇಲೆ ಟೀಚರಮ್ಮನ ಕಾರು, ಕೊನೆಗೆ ಮಗಳದು, ಮೂರು ಫಿಲ್ಟರಿಗೆ ಮೂರು ಹಳೇ ಉಂಗುರ, ಫಿಲ್ಟರಿನ ಬಾಯಿಯ ಸುತ್ತ ಇರುವ ಕರಿ ರಬ್ಬರಿನ ಉಂಗುರ, ಬಿಚ್ಚಿದಾಗ ಅದೂ ಜೊತೆಗೇ ಬರಬೇಕು, ಕೆಲವೊಮ್ಮೆ ಬರುವುದಿಲ್ಲ, ಬಿಸಿಗೆ ಎಂಜಿನ್ನಿಗೇ ಅಂಟಿ ಕೂತುಬಿಡುತ್ತದೆ, ಗೊತ್ತಾಗದೆ ಅದರ ಮೇಲೆಯೇ ಹೊಸ ಫಿಲ್ಟರು ತಿರುಗಿಸಿದರೆ ಉಂಗುರದ ಮೇಲೆ ಉಂಗುರ, ಒಂದು ದಿನ ಸುಮ್ಮನಿರುತ್ತದೆ, ಎಂಜಿನ್ ಚೆನ್ನಾಗಿ ಕಾದು ಒತ್ತಡ ಏರಿದಾಗ ಪಕ್ಕಕ್ಕೆ ಜಾರುತ್ತದೆ, ಜಾರಿದರೆ ಹನಿಯಲ್ಲ, ಧಾರೆ, ನಿಮಿಷದಲ್ಲಿ ಎಂಜಿನ್ ಬರಿದು. ಅದಕ್ಕೇ ಅವನ ಗುರು ಗೋಡೆಗೆ ಮೊಳೆ ಹೊಡೆಸಿದ್ದ, ಹಳೇ ಉಂಗುರ ಕಿತ್ತು ಮೊಳೆಗೆ ಹಾಕು, ಸಂಜೆ ಎಣಿಸು, ಫಿಲ್ಟರು ಎಷ್ಟೋ ಉಂಗುರ ಅಷ್ಟಿರಬೇಕು, ಇಲ್ಲದಿದ್ರೆ ಮನೆಗೆ ಹೋಗಬೇಡ, ಆ ಗಾಡಿ ಎಲ್ಲಿದೆಯೋ ಹುಡುಕಿಕೊಂಡು ಹೋಗು, ಗುರು ತೀರಿಕೊಂಡ ದಿನವೂ ಅವನು ಎಣಿಸಿಯೇ ಬಾಗಿಲು ಹಾಕಿದ್ದ, ನಿನ್ನೆ ಎಣಿಸಲಿಲ್ಲ. ನಿನ್ನೆ ಕೈ ತೊಳೆದು ತಿರುಗಿದರೆ ಮೊಳೆ ಖಾಲಿ, ಮೆಣಸು ಸ್ಟೂಲು ಎಳೆದುಕೊಂಡು ಹತ್ತಿ ಇಳಿದಾಗಿದೆ, ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದೆ, ಅಜ್ಜ, ಇನ್ಮೇಲೆ ಇವು ನನ್ನ ಬಳೆ, ಇವು ಅಂದಳೋ ಇದು ಅಂದಳೋ, ಅವನು ನಕ್ಕ, ನಾಳೆ ಹೊರಟುಹೋಗುವ ಮಗುವಿನ ಕೈಯಿಂದ ಯಾರು ಕಿತ್ತುಕೊಳ್ಳುತ್ತಾರೆ, ಆಮೇಲೆ ಎಣಿಸಿದರಾಯಿತು ಎಂದುಕೊಂಡು ಬಾಗಿಲು ಹಾಕಿದ.

ಸ್ಟಾರ್ಟ್ ಮಾಡಿ ಟೀಚರಮ್ಮ, ಸ್ವಲ್ಪ ಮಾತ್ರ ತುಳೀರಿ, ಹಾಂ, ಹಾಗೇ ಇರಲಿ — ಎಂಜಿನ್ನಿನ ನಡುಕ ಬೆನ್ನಡಿಯ ಹಲಗೆಗೂ ದಾಟಿದೆ, ಟಾರ್ಚಿನ ಬೆಳಕು ಮೇಲಿನ ಮುಚ್ಚಳದ ಅಂಚಿನಲ್ಲಿ ನಿಲ್ಲುತ್ತದೆ, ಬೆಳ್ಳಗಿದೆ, ಕಪ್ಪಾಗು, ದಯವಿಟ್ಟು ಕಪ್ಪಾಗು, ಸೋರಲಿ ಎಂದು ಬೇಡಿಕೊಳ್ಳುವ ಮೇಸ್ತ್ರಿ ಇನ್ನೆಲ್ಲೂ ಇರಲಾರ, ಐದು ನಿಮಿಷ, ಬೆಳ್ಳಗೇ ಇದೆ, ಕೆಳಗಿನ ಬಿರಡೆ ಬೆಳ್ಳಗಿದೆ, ತೊಟ್ಟಿಯ ಅಂಚು ಬೆಳ್ಳಗಿದೆ, ಇನ್ನೂ ಎಷ್ಟೊತ್ತು ಮೇಸ್ತ್ರಿ ಎನ್ನುತ್ತಾರೆ ಟೀಚರಮ್ಮ, ಅವನಿಗೆ ಬೆಳಕನ್ನು ಫಿಲ್ಟರಿನ ಕಡೆಗೆ ತಿರುಗಿಸಲು ಮನಸ್ಸಿಲ್ಲ, ತಿರುಗಿಸದಿದ್ದರೆ ಏನೂ ಆಗಿರುವುದಿಲ್ಲ ಎನ್ನುವ ಹಾಗೆ, ಕೊನೆಗೆ ತಿರುಗಿಸುತ್ತಾನೆ. ಫಿಲ್ಟರಿನ ಹೆಗಲ ಮೇಲೆ ಬೂದು ಚುಕ್ಕೆ, ನೋಡುತ್ತಿದ್ದಂತೆ ಅದು ಕಪ್ಪಾಯಿತು, ಕಪ್ಪು ಗೆರೆಯಾಗಿ ಇಳಿಯಿತು. ಆಫ್ ಮಾಡಿ. ಫಿಲ್ಟರು ಕೈ ಸುಡುತ್ತದೆ, ಚಿಂದಿ ಸುತ್ತಿ ತಿರುಗಿಸುತ್ತಾನೆ, ಆಯಿಲ್ ಮೊಣಕೈವರೆಗೆ ಹರಿಯುತ್ತದೆ, ಬಂತು, ಹೊಸ ಫಿಲ್ಟರಿನ ಬಾಯಲ್ಲಿ ಅದರ ಉಂಗುರ ಸರಿಯಾಗಿಯೇ ಇದೆ, ಇನ್ನು ಎಂಜಿನ್ನಿನ ಕಡೆ — ತೋರುಬೆರಳನ್ನು ಒಂದು ಸುತ್ತು ಆಡಿಸುತ್ತಾನೆ, ನಿನ್ನೆ ಆಡಿಸಿದ ಹಾಗೆಯೇ, ಬೆರಳು ಎಲ್ಲ ಸಾಫಾಗಿದೆ ಎನ್ನುತ್ತದೆ, ನಿನ್ನೆಯೂ ಹಾಗೆಯೇ ಅಂದಿತ್ತು, ಉಗುರು ಕೊಟ್ಟು ಕೆರೆದರೆ ಒಂದು ಅಂಚು ಎದ್ದು ಬರುತ್ತದೆ, ಎಳೆದರೆ ಪೂರ್ತಿ ಕರಿ ಉಂಗುರ, ಎದೆಯ ಮೇಲೆ ಬಿದ್ದು ಅಲ್ಲೇ ಕೂತಿದೆ. ಬೆರಳಿಗೆ ನಾಲ್ಕು ತಿಂಗಳಿಂದ ಸ್ಪರ್ಶವಿಲ್ಲ, ಮೊದಲು ತುದಿ, ಆಮೇಲೆ ಒಂದು ಗೆಣ್ಣು, ಚಳಿಗೆ ಇರಬೇಕು ಎಂದುಕೊಂಡ, ಚಳಿಗಾಲ ಮುಗಿದ ಮೇಲೆ ವಯಸ್ಸಿಗೆ ಎಂದುಕೊಂಡ, ಹೆಂಡತಿಗೆ ಹೇಳಲಿಲ್ಲ, ಮಗಳು ಆಸ್ಪತ್ರೆಯಲ್ಲೇ ಕೆಲಸ ಮಾಡುವವಳು, ಅವಳಿಗೂ ಹೇಳಲಿಲ್ಲ, ಹೇಳಿದರೆ ಕೆಲಸ ಬಿಡಿ ಅಪ್ಪ ಅಂದಾಳು ಎಂಬ ಹೆದರಿಕೆ, ಆ ಹೆದರಿಕೆ ಈಗ ಎಷ್ಟು ಚಿಕ್ಕದಾಗಿ ಕಾಣುತ್ತಿದೆ.

ಎಣಿಸಬೇಕು, ಈಗಲಾದರೂ, ಹಲಗೆಯಿಂದ ಉರುಳಿ ಎದ್ದವನು ಟೀಚರಮ್ಮನನ್ನು ದಾಟಿ ಗುಜರಿ ಡ್ರಮ್ಮಿಗೆ ಕೈ ಹಾಕುತ್ತಾನೆ, ನಿನ್ನೆಯ ಮೂರು ಹಳೇ ಫಿಲ್ಟರು ಬೋರಲಾಗಿ ಬಿದ್ದಿವೆ, ಒಂದೊಂದನ್ನೇ ಬೆಳಕಿಗೆ ಹಿಡಿಯುತ್ತಾನೆ, ಬಾಯಿಯಲ್ಲಿ ಉಂಗುರ ಉಳಿದಿದೆಯೇ, ಮೊದಲನೆಯದರಲ್ಲಿ ಇಲ್ಲ, ಎರಡನೆಯದರಲ್ಲಿ ಇಲ್ಲ, ಮೂರನೆಯದರಲ್ಲೂ ಇಲ್ಲ, ಅಂದರೆ ಒಂದು ಈಗ ಅವನ ಕೈಯಲ್ಲಿದೆ, ಉಳಿದ ಎರಡು ಮೊಳೆಗೆ ಹೋಗಿರಬೇಕು, ಮೊಳೆಯಿಂದ ಮೆಣಸಿನ ಕೈಗೆ, ಎರಡು ಕೈಗೆ ಎರಡು ಬಳೆ, ಸರಿಹೋಯಿತು, ಲೆಕ್ಕ ಸರಿಹೋಯಿತು — ಎರಡಿತ್ತೇ, ಮಗಳ ಕಾರಿನದನ್ನು ಮೊಳೆಗೆ ಹಾಕಿದ ನೆನಪಿದೆಯೇ, ಕೈ ಮೊಳೆಯ ಕಡೆಗೆ ಹೋದ ನೆನಪಿದೆ, ಆದರೆ ಆ ಕೈ ಮೂವತ್ತನಾಲ್ಕು ವರ್ಷದಿಂದ ಹೋಗುತ್ತಲೇ ಇದೆ, ನಿನ್ನೆ ಹೋದದ್ದು ಯಾವುದು, ಕಿಟಕಿಯಿಂದ ಚಾಚಿದ ಕೈಯಲ್ಲಿ ಕಪ್ಪು ಇತ್ತು, ಇತ್ತಲ್ಲ, ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಗಾಜಿನ ಬಳೆಯಾಗಿದ್ದರೆ ಸದ್ದಾದರೂ ಮಾಡುತ್ತಿತ್ತು, ರಬ್ಬರು ಸದ್ದು ಮಾಡುವುದಿಲ್ಲ. ಫೋನು ಕೈಯಿಂದ ಎರಡು ಸಲ ಜಾರಿತು, ಟೀಚರಮ್ಮ ಎತ್ತಿಕೊಟ್ಟರು, ಮಗಳ ಫೋನು ರಿಂಗಾಗುತ್ತಿದೆ, ರಿಂಗಾಗುತ್ತಿದೆ, ಸ್ಟೇರಿಂಗ್ ಹಿಡಿದಾಗ ಯಾರದೇ ಫೋನ್ ಬಂದರೂ ಎತ್ತಬಾರದು, ಬ್ಯಾಗಿಗೆ ಹಾಕಿ ಹಿಂದಿನ ಸೀಟಿನಲ್ಲಿಡು, ನಿಮ್ಮಪ್ಪ ಸತ್ತ ಅಂತ ಬಂದರೂ ಎತ್ತಬೇಡ ಎಂದು ಕಲಿಸಿದವನು ಅವನೇ, ಒಳ್ಳೆಯ ಮಗಳು, ಹೇಳಿದ ಮಾತು ಮೀರುವುದಿಲ್ಲ, ಅಳಿಯನ ಕೆಲಸ ಗಣಿಯೊಳಗೆ, ಸಂಜೆವರೆಗೆ ಸಿಗುವವನಲ್ಲ. ಕೆಂಪು ದೀಪ ಹತ್ತುತ್ತದೆ, ಆಯಿಲ್ ಮುಗಿದರೆ ಎದುರಿಗೇ ಹತ್ತುತ್ತದೆ, ಅವಳು ನೋಡುತ್ತಾಳೆ, ತಿರುವಿನಲ್ಲಿ ಯಾರು ದೀಪ ನೋಡುತ್ತಾರೆ, ಎಂಜಿನ್ ಹಿಡಿದುಕೊಂಡು ನಿಂತುಬಿಟ್ಟರೆ ಸ್ಟೇರಿಂಗು ಕಲ್ಲು, ಬ್ರೇಕು ಕಲ್ಲು, ಧಾರೆ ಹೊಗೆಯ ಕೊಳವೆಯ ಮೇಲೆ ಬಿದ್ದರೆ ಬೆಂಕಿ — ಮತ್ತೆ ರಿಂಗು ಕೊಡುತ್ತಾನೆ. ಕೂತ್ಕೊಳ್ಳಿ ಮೇಸ್ತ್ರಿ ಎಂದು ಟೀಚರಮ್ಮ ಸ್ಟೂಲು ತಳ್ಳುತ್ತಾರೆ, ನನ್ನ ಕಾರಿಗೆ ಆ ಫಿಲ್ಟರ್ ಹಾಕಿ, ಆಯಿಲ್ ತುಂಬಿ, ಇದರಲ್ಲೇ ಹಿಂದೆ ಹೋಗೋಣ ಎನ್ನುತ್ತಾರೆ, ಒಳ್ಳೆಯ ಹೆಂಗಸು, ಮೂರು ಗಂಟೆ ಮುಂದಿರುವ ಗಾಡಿಯನ್ನು ಯಾವ ಗಾಡಿ ಹಿಡಿಯುತ್ತದೆ, ಆದರೂ ಹಾಕಬೇಕು, ಹಾಕುತ್ತಾನೆ, ಈ ಸಲ ಬೆರಳನ್ನು ನಂಬದೆ ಟಾರ್ಚು ಹಿಡಿದು ಕಣ್ಣಿಂದ ನೋಡಿ, ಮತ್ತೆ ನೋಡಿ. ಸದ್ದು ಕೇಳಿ ಹೆಂಡತಿ ಹಿತ್ತಲ ಬಾಗಿಲಿಗೆ ಬಂದಿದ್ದಾಳೆ, ಒದ್ದೆ ಕೈ ಸೆರಗಿಗೆ ಒರೆಸುತ್ತಿದ್ದಾಳೆ, ಮಗು ಬಳೆ ಹಾಕಿಕೊಂಡೇ ಹೋಯಿತಾ ಎಂದು ಅವನು ಕೇಳಿದ, ದನಿ ಸಾಧಾರಣವಾಗಿಯೇ ಇತ್ತು, ಎಷ್ಟಿತ್ತು, ಎರಡು ತಾನೆ. ಯಾವ ಬಳೆ, ಆ ಗಲೀಜು ರಬ್ಬರಾ, ಅವಳಿಗೆ ನಗು, ಬೆಳಿಗ್ಗೆ ರಂಪ ಮಾಡಿದ್ದೇ ಅದಕ್ಕೆ, ಇದ್ದಿದ್ದು ಒಂದೇ, ಅದೂ ದೊಡ್ಡದು, ಮೊಣಕೈ ದಾಟಿ ಮೇಲೆ ಹೋಗೋದು, ಈ ಕೈಗೂ ಬೇಕು ಅಂತ ಹಟ, ನಿಮ್ಮಜ್ಜನ್ನೇ ಕೇಳು ಹೋಗು ಅಂದೆ.

ದೊಡ್ಡದು ಹಾಲಿನ ವ್ಯಾನಿನದು. ಅವನು ಕೈಯಲ್ಲಿದ್ದ ಉಂಗುರವನ್ನು ನೋಡುತ್ತಾನೆ, ಇದು ಚಿಕ್ಕದು, ಮಗುವಿನ ಮುಂಗೈಗೆ ಅಳತೆ ಕೊಟ್ಟು ಮಾಡಿಸಿದ ಹಾಗಿದೆ, ಇದರ ಜೋಡಿ, ಮಗಳ ಕಾರಿನದು — ಹೆಂಡತಿ ಇನ್ನೂ ಹೇಳುತ್ತಿದ್ದಾಳೆ, ಗಾಡಿ ಹೊರಟ ಮೇಲೂ ಕಿಟಕಿಯಿಂದ ನಿಮಗೆ ಕೈ ತೋರಿಸ್ತಾನೇ ಇತ್ತಲ್ಲ, ಇನ್ನೊಂದು ಕೊಡು ಅಂತ, ನೀವು ನೋಡಿದ್ರೆ ಟಾಟಾ ಮಾಡ್ತಾ ನಿಂತಿದ್ರಿ, ಫೋನು ಕಿವಿಯಲ್ಲಿ ರಿಂಗಾಗುತ್ತಿದೆ, ಗಡಿಯಾರದಲ್ಲಿ ಹನ್ನೊಂದಾಗಲು ಐದು ನಿಮಿಷ, ಟೀಚರಮ್ಮ ಸ್ಟೇರಿಂಗಿನ ಮುಂದೆ ಕೂತು ಬಾಗಿಲು ತೆರೆದು ಹಿಡಿದಿದ್ದಾರೆ, ಹತ್ತಬೇಕು, ಬಿಸಿಲು ಈಗ ಕಣ್ಣಿಗೆ ಹೊಡೆಯುತ್ತಿಲ್ಲ, ಎಲ್ಲ ಸರಿಯಾಗಿ ಕಾಣುತ್ತಿದೆ, ಆ ಕೈ ಅಲ್ಲಾಡುತ್ತಿರಲಿಲ್ಲ, ತಿರುಗುತ್ತಿತ್ತು, ಅಂಗೈ ಮೇಲೆ, ಅಂಗೈ ಕೆಳಗೆ, ನೋಡಜ್ಜ ನೋಡಜ್ಜ ಎಂದು ತಿರುಗಿಸಿ ತಿರುಗಿಸಿ ತೋರಿಸುತ್ತಿತ್ತು, ಪೌಡರು ಹಚ್ಚಿದ ಪುಟ್ಟ ಮುಂಗೈ, ಬೆಳ್ಳಗೆ, ಸುತ್ತಲೂ ಬೆಳ್ಳಗೆ, ಎಲ್ಲೂ ಒಂದು ಕರಿ ಗೆರೆಯಿಲ್ಲ