ಗೋಡೆಯಾಚೆಯ ಚಪ್ಪಾಳೆ

ಹವಾನಾದ ಆ ಸಿಗಾರ್ ಕಾರ್ಖಾನೆಯಲ್ಲಿ ಕೆಲಸಗಾರರು ಎಲೆ ಸುತ್ತುವಾಗ ಎವರಿಸ್ತೊ ಎತ್ತರದ ಕುರ್ಚಿಯಲ್ಲಿ ಕೂತು ಅವರಿಗೆ ಕಾದಂಬರಿ ಓದುತ್ತಿದ್ದ. ಅವನಿಗೆ ಸಂಬಳ ಕೊಡುತ್ತಿದ್ದವರೂ ಅವರೇ. ಓದು ಹಿಡಿಸಿದರೆ ಎಲೆ ಕೊಯ್ಯುವ ಚೂರಿಯನ್ನು ಹಲಗೆಗೆ ಬಡಿಯುವುದು ಅವರ ಚಪ್ಪಾಳೆ.

ಅಂದು ಅಧ್ಯಾಯ ಮುಗಿಯುವ ಮೊದಲೇ ಟಕಟಕ ಸದ್ದು ಕೇಳಿಸಿತು. ಎವರಿಸ್ತೊ ಪುಸ್ತಕದಿಂದ ಕಣ್ಣೆತ್ತದೆ ನಕ್ಕ. "ಸ್ವಲ್ಪ ತಡೀರಪ್ಪಾ, ನಾಯಕಿ ಇನ್ನೂ ಸತ್ತಿಲ್ಲ!"

ಯಾರೂ ನಗಲಿಲ್ಲ.

"ನಾವಲ್ಲ ಮೇಷ್ಟ್ರೇ," ಎಂದಳು ಮುಂದಿನ ಸಾಲಿನ ಒಬ್ದುಲಿಯಾ. "ಗೋಡೆ ಆಚೆ ಸಿಗಾರ್ ಸುತ್ತೋ ಯಂತ್ರ ತಂದಿದಾರಲ್ಲ, ಅದನ್ನ ಓಡಿಸಿ ನೋಡ್ತಿದಾರೆ. ಅದು ಕಥೆ ಕೇಳಲ್ಲ. ನಿಮಗೆ ಸಂಬಳಾನೂ ಕೊಡಲ್ಲ."

ಎವರಿಸ್ತೊ ದನಿ ಏರಿಸಿ ಓದತೊಡಗಿದ. ಆ ಸದ್ದು ಉಸಿರು ತೆಗೆದುಕೊಳ್ಳದೆ ಒಂದೇ ಸಮನೆ ಬಡಿಯುತ್ತಿತ್ತು. ಅವನ ದನಿ ಒಬ್ದುಲಿಯಾಳ ಮೇಜಿನವರೆಗೂ ಮುಟ್ಟಲಿಲ್ಲ.