ಕಿಲ್‌ಬ್ರಾಡ್ ತಿರುವಿನ ಬೆಂಕಿ

ರಸ್ತೆಯ ತಿರುವಿನಲ್ಲಿ ಬೆಂಕಿ ಕಂಡಾಗ ಓರ್ಲಾ ಹೆಷನ್‌ಗೆ ಮೊದಲು ಅನ್ನಿಸಿದ್ದು, ಫುಟ್‌ಬಾಲ್ ತಂಡ ಏನೋ ಗೆದ್ದಿರಬೇಕು ಎಂದು. ಕಪ್ ಗೆದ್ದು ಬರುವವರಿಗೆ ದಾರಿಯಲ್ಲಿ ಬೆಂಕಿ ಹಾಕಿ ಎದುರುಗೊಳ್ಳುವುದು ಐರ್ಲೆಂಡಿನ ಮೇಯೋ ಕಡೆಯ ವಾಡಿಕೆ. ಮೇಯೋದವರು ಗೆಲ್ಲುವುದೇ ಅಪರೂಪವಾದ್ದರಿಂದ ಹಳೆಯ ಟೈರುಗಳು ಕೊಟ್ಟಿಗೆಗಳಲ್ಲಿ ವರ್ಷಗಟ್ಟಲೆ ಕಾದು ಕೂತಿರುತ್ತವೆ. ಇನ್ನೂ ಹತ್ತಿರ ಬಂದಾಗ ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆದದ್ದು ಕಾಣಿಸಿತು: "ನಮ್ಮ ಓರ್ಲಾಗೆ ಸ್ವಾಗತ."  ಕಾರು ತಿರುಗಿಸಿಕೊಂಡು ಹೋಗೋಣವೆಂದರೆ ಆ ರಸ್ತೆಗೆ ಅಷ್ಟು ಅಗಲವಿರಲಿಲ್ಲ.

ಬೆಳಿಗ್ಗೆ ಊರ ಕಡೆಯ ರೇಡಿಯೊದಲ್ಲಿ, ದಿನವೂ ಓದುವಂತೆ ಆ ಕಡೆ ಸತ್ತವರ ಹೆಸರು ಓದಿ ಮುಗಿಸಿದ ಮೇಲೆ, ಸುದ್ದಿ ಬಂದಿತ್ತು. ಕಿಲ್‌ಬ್ರಾಡಿನ ನಟಿ, ಚಿತ್ರಕಥೆಗಾರ್ತಿ, ನಿರ್ದೇಶಕಿ ಓರ್ಲಾ ಹೆಷನ್ ತಮ್ಮ ಸ್ವಂತ ಬಲದಲ್ಲಿ ತೆಗೆದ ಚಿತ್ರವನ್ನು ಲಂಡನ್ನಿನ ದೊಡ್ಡ ಕಂಪನಿಯೊಂದು ಕೊಂಡುಕೊಂಡಿದೆ ಎಂದು. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಕೊಂಡದ್ದು ಮುಚ್ಚಿಡುವುದಕ್ಕೆ ಎಂಬುದನ್ನು ಮಾತ್ರ ಅವರು ಹೇಳಲಿಲ್ಲ.

ಕಂಪನಿಗೆ ಬೇಕಾಗಿದ್ದದ್ದು ಕಥೆ. ಅದನ್ನು ಬೇರೆ ನಿರ್ದೇಶಕ, ಬೇರೆ ದೇಶದಲ್ಲಿ, ಹೊಸದಾಗಿ ತೆಗೆಯುತ್ತಾನೆ. ಓರ್ಲಾ ತನಗೆಂದೇ ಬರೆದುಕೊಂಡ ಪಾತ್ರ ಅವಳಿಗಿಂತ ಹದಿನೈದು ವರ್ಷ ಚಿಕ್ಕವಳಾದ ಹೆಸರಾಂತ ನಟಿಗೆ. ಈಗಿರುವ ಚಿತ್ರವನ್ನು ಎಲ್ಲಿಯೂ, ಎಂದಿಗೂ, ಯಾರಿಗೂ ತೋರಿಸುವಂತಿಲ್ಲ. ಡಬ್ಲಿನ್ನಿನ ಆಫೀಸಿನಲ್ಲಿ ಆ ಷರತ್ತನ್ನು ಬಾಯಿಬಿಟ್ಟು ಓದಿ ಹೇಳಿದ್ದರು. ಕೇಳಿಸಿಕೊಂಡೇ ಅವಳು ಸಹಿ ಹಾಕಿದ್ದಳು. ಟಿವಿ ಧಾರಾವಾಹಿಯಲ್ಲಿ ನರ್ಸಾಗಿ ಇಪ್ಪತ್ತನೇ ವಯಸ್ಸಿನಿಂದ ಮೂವತ್ತೈದರವರೆಗೆ ಟ್ರೇ ಹಿಡಿದು ನಿಂತವಳು. ಆಮೇಲೆ ಕರೆದದ್ದೆಲ್ಲ ಯಾರದೋ ತಾಯಿಯ ಪಾತ್ರಕ್ಕೆ. ಹಲ್ಲಿದ್ದಾಗ ಕಡಲೆಯಿಲ್ಲ ಎನ್ನುತ್ತಾರಲ್ಲ, ಹಾಗೆ. ಮುಂದಿನ ಚಿತ್ರ ನಿಮ್ಮ ಕೈಗೇ ಎಂದು ಕಂಪನಿಯವರು ಬಾಯಿಮಾತು ಕೊಟ್ಟಿದ್ದರು. ಬಾಯಿಮಾತನ್ನು ಯಾರಾದರೂ ನಂಬುತ್ತಾರೆಯೇ? ನಂಬದೆ ಬೇರೆ ದಾರಿಯಿಲ್ಲದವರು ನಂಬುತ್ತಾರೆ.

ಕಾರು ನಿಂತಿದ್ದೇ ತಡ, ಬಾಗಿಲು ಹೊರಗಿನಿಂದ ತೆರೆದುಕೊಂಡಿತು.

"ಇಳಿಯೇ ಮಾರಾಯ್ತಿ! ದೊಡ್ಡ ಮನುಷ್ಯಳಾಗಿಬಿಟ್ಟೆ, ಕಾಲು ನೆಲಕ್ಕಿಡಲ್ವೇನು?" ಎಂದು ಅಂಚೆಯ ಮಾರ್ಟಿ ಕೈಹಿಡಿದು ಎಳೆದ. ಚಿತ್ರದಲ್ಲಿ ಅವನದು ಹೆಣದ ಪಾತ್ರ. "ಬೆಳಿಗ್ಗೆಯಿಂದ ಸಂಜೆವರೆಗೂ ಪೆಟ್ಟಿಗೇಲಿ ಮಲಗಿದ್ದೆ ಕಣ್ರಪ್ಪಾ. ಮೂಗಿನ ಮೇಲೆ ನೊಣ ಕೂತ್ರೂ ಅಲ್ಲಾಡಲಿಲ್ಲ. ಲಂಡನ್‌ನವರು ಅದನ್ನ ನೋಡೇ ಬಿದ್ದಿರೋದು!"

"ಬದುಕಿದ್ದಾಗ ನೀನು ಅಲ್ಲಾಡೋದೂ ಅಷ್ಟೇ ಬಿಡು," ಎಂದಳು ಅವನ ಹೆಂಡತಿ ಅಟ್ರಾಕ್ಟಾ.

ಎಲ್ಲರೂ ನಕ್ಕರು. ಓರ್ಲಾಳ ತಾಯಿ ಬ್ರೀಡಾ ತಟ್ಟೆ ತುಂಬ ಹ್ಯಾಮ್ ಸ್ಯಾಂಡ್‌ವಿಚ್ ಹಿಡಿದು ಒಬ್ಬೊಬ್ಬರಿಗೂ ಒತ್ತಾಯ ಮಾಡುತ್ತಿದ್ದಳು. ಎರಡು ಚಳಿಗಾಲ ಈ ಜನ ತಮ್ಮ ಅಡುಗೆಮನೆಗಳನ್ನು ಬಿಟ್ಟುಕೊಟ್ಟಿದ್ದರು, ಒಲೆಗೆ ಉರುವಲಾಗಿ ಪೀಟ್ ಮಣ್ಣಿನ ಹೆಂಟೆ ತಂದು ಸುರಿದಿದ್ದರು, ಕ್ಯಾಮೆರಾದವರಿಗೆ ಕುರಿಮಾಂಸದ ಸಾರು ಮಾಡಿ ಬಡಿಸಿದ್ದರು. ಒಬ್ಬರೂ ಒಂದು ಯೂರೊ ಕೇಳಿದವರಲ್ಲ. "ಮೊದಲ ಪ್ರದರ್ಶನ ನಮ್ಮ ಚರ್ಚಿನ ಹಾಲ್‌ನಲ್ಲೇ" ಎಂದು ಓರ್ಲಾ ಮಾತು ಕೊಟ್ಟಿದ್ದಳು. ಅದೊಂದೇ ಅವರ ಸಂಬಳ.

ಗುಂಪಿನಿಂದ ಸ್ವಲ್ಪ ಆಚೆ ಕೋಲ್ಮನ್ ಗ್ರೀಲಿ ನಿಂತಿದ್ದ. ವಾರದ ನಡುವೆ ಭಾನುವಾರ ಚರ್ಚಿಗೆ ಹಾಕುವ ಸೂಟು ಹಾಕಿದ್ದ. ಅವನ ಹೆಂಡತಿ ನೋನಿ ಚಿತ್ರದಲ್ಲಿ ತಾಯಿಯ ಪಾತ್ರ ಮಾಡಿದ್ದಳು, ಮಾರ್ಚ್‌ನಲ್ಲಿ ತೀರಿಕೊಂಡಳು. ಜೀವಮಾನವೆಲ್ಲ ಕ್ಯಾಮೆರಾ ಕಂಡರೆ ಓಡುತ್ತಿದ್ದವಳು, ಮದುವೆಯ ಫೋಟೋದಲ್ಲೂ ನೆಲ ನೋಡಿದವಳು. ಓರ್ಲಾಳ ಮುಂದೆ ಮಾತ್ರ ಅದೇನು ಧೈರ್ಯ ಬಂತೋ, ಹಿಟ್ಟು ನಾದುತ್ತ ತಲೆಯೆತ್ತಿ ಗಹಗಹಿಸಿ ನಕ್ಕಿದ್ದಳು.

ಕೋಲ್ಮನ್ ಟೋಪಿ ತೆಗೆದು ಹತ್ತಿರ ಬಂದ. "ಯಾವಾಗ ತೋರಿಸ್ತೀಯಮ್ಮಾ? ಅವಸರ ಇಲ್ಲ. ಮುಂದಿನ ಸಾಲಲ್ಲಿ ಒಂದು ಕುರ್ಚಿ ಇಟ್ಟಿರು, ಅಷ್ಟೇ. ಫೋಟೋ ಇದೆ, ಮುಖ ಮರೆಯಲ್ಲ. ಅವಳ ದನಿ ಮರೀತಾ ಇದೀನಿ ಕಣಮ್ಮಾ."

"ಈ ತಿಂಗಳೇ ಅಂತ ಹೇಳೇ," ಎಂದು ಬ್ರೀಡಾ ಮಗಳನ್ನು ಮೊಣಕೈಯಿಂದ ತಿವಿದಳು.

ಓರ್ಲಾಗೆ ಸುಳ್ಳು ಹೇಳುವುದು ಕಷ್ಟವಿರಲಿಲ್ಲ, ಅದೇ ಅವಳ ಕಸುಬು. ನೋಡೋಣ, ಹಬ್ಬದ ಹೊತ್ತಿಗೆ, ಎಂದರೆ ಅಂದಿನ ಸಂಜೆ ಕಳೆದುಹೋಗುತ್ತಿತ್ತು. ಆದರೆ ಮುದುಕ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ.

"ತೋರಿಸೋಕಾಗಲ್ಲ, ಕೋಲ್ಮನ್," ಎಂದಳು. "ಅವರು ಬೇರೆ ಜನರನ್ನ ಹಾಕ್ಕೊಂಡು ಮತ್ತೆ ತೆಗೀತಾರೆ. ನಮ್ಮದನ್ನ ಬೀಗ ಹಾಕಿಡ್ತಾರೆ. ಎಲ್ಲೂ ತೋರಿಸೋ ಹಾಗಿಲ್ಲ. ಇಲ್ಲೂ ಇಲ್ಲ."

ಟೈರು ಚಟಪಟ ಉರಿಯಿತು. ಮಾರ್ಟಿ ಇನ್ನೂ ನಗುಮುಖದಲ್ಲೇ, "ಹೊಸದ್ರಲ್ಲಿ ಹೆಣ ಯಾರು ಮತ್ತೆ?" ಎಂದ. 

"ಸಹಿ ಹಾಕೋ ಮುಂಚೆ ನಿನಗಿದು ಗೊತ್ತಿತ್ತಾ?" ಬ್ರೀಡಾ ಕೇಳಿದಳು.

"ಗೊತ್ತಿತ್ತಮ್ಮಾ."

"ನೋನಿ ವಿಷಯ ನೆನಪಿತ್ತಾ?"

ಓರ್ಲಾಗೆ ನೆನಪಿತ್ತು. ಪೆನ್ನು ಕೈಯಲ್ಲಿದ್ದಾಗ ನೆನಪಾಗಿದ್ದೇ ನೋನಿ. ಅದಕ್ಕೇ ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು, ಹೇಸಿಗೆಯಾಗುವಂತೆ ಮಾಡಿದ ಇವರ ಮೇಲೆ ಸಿಟ್ಟೂ ಬರುತ್ತಿತ್ತು. ಬೆಂಕಿ ಹಾಕಿ ಎಂದು ಇವರನ್ನು ಕೇಳಿದವರು ಯಾರು?

ಅವಳು ಕೋಲ್ಮನ್‌ನ ತೋಳು ಹಿಡಿದು ಬೇಲಿಯ ಪಕ್ಕಕ್ಕೆ ಕರೆದೊಯ್ದಳು. "ನನ್ನ ಹತ್ರ ಒಂದು ಕಾಪಿ ಇದೆ. ಅವರಿಗೆ ಗೊತ್ತಿಲ್ಲ. ನೀವೊಬ್ಬರೇ ನಮ್ಮನೆಗೆ ಬನ್ನಿ, ಬಾಗಿಲು ಹಾಕ್ಕೊಂಡು ನೋಡೋಣ. ಎಷ್ಟು ಸಲ ಬೇಕಾದ್ರೂ ನೋಡಿ. ಹೊರಗೆ ಮಾತ್ರ ಬಾಯಿ ಬಿಡಬೇಡಿ."

ಕೋಲ್ಮನ್‌ಗೆ ಆಸೆಯಿಲ್ಲದೆ ಇರಲಿಲ್ಲ, ಅದು ಅವನ ಕಣ್ಣಲ್ಲೇ ಕಾಣುತ್ತಿತ್ತು.

"ಊರೆಲ್ಲ ನೋಡೋ ಹಾಗೆ ಅವಳ ಜೊತೆ ಚರ್ಚಿಗೆ ನಡೆದವನು ನಾನು," ಎಂದ. "ಈಗ ಬಾಗಿಲು ಹಾಕ್ಕೊಂಡು, ಕಳ್ಳನ ಹಾಗೆ, ನನ್ನ ಹೆಂಡ್ತಿನ ನೋಡ್ಲಾ? ಬೇಡಮ್ಮ. ಬೇಡ."

ಬೇಲಿಯ ಪಕ್ಕ ಆಡಿದರೂ ಮಾತು ಎಲ್ಲರಿಗೂ ಕೇಳಿಸಿತ್ತು. ಅಟ್ರಾಕ್ಟಾ ಮೊದಲು ಮುಂದೆ ಬಂದಳು. ಓರ್ಲಾಳನ್ನು ದಾಟಿ ಹೋಗಿ ಕೋಲ್ಮನ್‌ಗೆ ಕೈ ಚಾಚಿದಳು. "ನಿನ್ನ ದುಃಖಕ್ಕೆ ನಮಗೂ ನೋವಾಗಿದೆ, ಕೋಲ್ಮನ್," ಎಂದಳು. ಹೆಣದ ಪಕ್ಕ ನಿಂತವರಿಗೆ ಆ ಕಡೆಯವರು ಹೇಳುವ ಮಾತು ಅದು. ಮಾರ್ಚ್‌ನಲ್ಲಿ ನೋನಿಯ ಶವಪೆಟ್ಟಿಗೆಯ ಮುಂದೆ ಎಲ್ಲರೂ ಅವನಿಗೆ ಹೇಳಿದ್ದೂ ಅದೇ. ಅವಳ ಹಿಂದೆ ಮಾರ್ಟಿ ಬಂದ. ಅವನ ಹಿಂದೆ ಒಬ್ಬೊಬ್ಬರಾಗಿ ಉಳಿದವರು ಸಾಲುಗಟ್ಟಿದರು. ಯಾರೂ ಯಾರಿಗೂ ಹೇಳಿರಲಿಲ್ಲ. ಬ್ರೀಡಾ ತಟ್ಟೆಯನ್ನು ಕಾರಿನ ಬಾನೆಟ್ಟಿನ ಮೇಲಿಟ್ಟು, ಕೈ ಒರೆಸಿಕೊಂಡು, ತಾನೂ ಸಾಲಿನಲ್ಲಿ ನಿಂತಳು. ಮಗಳ ಕಡೆ ತಿರುಗಿಯೂ ನೋಡಲಿಲ್ಲ.

ಓರ್ಲಾಗೆ ಏನು ಮಾಡಬೇಕೋ ತಿಳಿಯಲಿಲ್ಲ. ಕೊನೆಗೆ ತಾಯಿಯ ಹಿಂದೆ ಹೋಗಿ ನಿಂತಳು. ಸಾಲು ನಿಧಾನವಾಗಿ ಸರಿಯಿತು. ಅವಳ ಸರದಿ ಬಂದಾಗ ಕೈ ಚಾಚಿದಳು. 

ಕೋಲ್ಮನ್ ಅವಳ ಕೈಯನ್ನು ಎಲ್ಲರ ಕೈ ಹಿಡಿದಂತೆಯೇ ಹಿಡಿದು ಒಮ್ಮೆ ಕುಲುಕಿದ. "ಬಂದಿದ್ದು ಒಳ್ಳೇದಾಯ್ತು," ಎಂದ, ದೂರದಿಂದ ಬಂದ ಅಪರಿಚಿತರಿಗೆ ಹೇಳುವ ಹಾಗೆ. ಆಮೇಲೆ ಕೈ ಬಿಟ್ಟು, ಮುಂದಿನವರು ಯಾರೆಂದು ಅವಳ ಭುಜದಾಚೆ ನೋಡಿದ. ಅವಳ ಹಿಂದೆ ಯಾರೂ ಇರಲಿಲ್ಲ.