ಇಪ್ಪತ್ತೆರಡರ ಕೈ

ಸಮಸ್ತ ಮಹಾಜನರಿಗೆ ತಿಳಿಯಪಡಿಸುವುದೇನೆಂದರೆ, ಶಹಾಬಜಾರದ ನಮ್ಮ ಕಂದೀಲು ಕಾರ್ಖಾನೆಯಲ್ಲಿ ನೀರಿನ ಗಡಿಗೆಯನ್ನು ಎರಡು ಗೇಣು ಕಿಟಕಿಯ ಕಡೆ ಸರಿಸಲಾಗಿದೆ. ಈ ಘನ ಸುಧಾರಣೆಯ ಕರ್ತೃ ನಾನೇ, ಮೇಸ್ತ್ರಿ ಖಂಡೆಪ್ಪ.

ಪೊಲೀಸ್ ಕಾರ್ಯಾಚರಣೆ ಮುಗಿದು ಎರಡನೇ ವರ್ಷ. ರಾಜ್ಯವೇ ಬದಲಾದ ಮೇಲೆ ಕಾರ್ಖಾನೆ ಯಾಕೆ ಬದಲಾಗಬಾರದು ಎಂದು ಸಾಹುಕಾರ ಹಣಮಂತರಾಯರಿಗೆ ಅನಿಸಿತ್ತು. ನಾವು ನಾಲ್ವರು ಒಂದು ಸಾಲಿನಲ್ಲಿ ಕೂಡುತ್ತಿದ್ದೆವು. ಮೊದಲ ಜಾಗದಲ್ಲಿ ಬಂಡೆಮ್ಮ ಬತ್ತಿ ಹಾಕುವಳು. ನಡುವಿನ ಇಬ್ಬರು ಎಣ್ಣೆಯ ಬುರುಡೆ, ಗಾಜು ಕೂಡಿಸುವರು. ಕೊನೆಗೆ ನಾನು ತಂತಿಯ ಹಿಡಿಕೆ ಸಿಕ್ಕಿಸುವೆ. ಸಾಲಿನ ಕೆಲಸ ಸಾಲದು ಎಂಬುದು ಸಾಹುಕಾರರ ದೂರು. ಗಡಿಗೆ ಸರಿಸಿದರೂ ಕೆಲಸ ಏರಲಿಲ್ಲ; ಸಾಲಿನ ಜನವೇ ಜಾಸ್ತಿ ಎಂಬುದು ನನ್ನ ಮುಂದಿನ ಶೋಧ. ಎಲ್ಲರಿಗಿಂತ ನಿಧಾನದ ಕೈಯನ್ನು ತೆಗೆಯಬೇಕೆಂದು ನಾನೇ ಸೂಚಿಸಿದೆ, ಅವರು ಒಪ್ಪಿದರು.

ಲೆಕ್ಕ ಬರೆಯುವ ಮುನ್ಷಿ ಚಾಂದಪಾಶಾ ಒಂದು ತಾಸು ನಮ್ಮ ಕೆಲಸ ಎಣಿಸಿ, ಕೂತ ಕ್ರಮದಲ್ಲೇ ನಾಲ್ಕು ಅಂಕಿ ಒಂದೇ ಗೆರೆಯಲ್ಲಿ ಉರ್ದುವಿನಲ್ಲಿ ಬರೆದಿಟ್ಟು, ಅದೇ ಹಾಳೆಯಲ್ಲಿ ಕೆಲಸದಿಂದ ತೆಗೆಯುವ ಹುಕುಂ ಸಿದ್ಧ ಮಾಡಿ, ಸಾಹುಕಾರರ ರುಜು ಹಾಕಿಸಿ, ಮಗಳ ನಿಕಾಹಕ್ಕೆಂದು ಮೋಮಿನಪುರಕ್ಕೆ ಹೋದ. ಅಕ್ಷರ ಬಾರದಿದ್ದರೂ ಉರ್ದು ಅಂಕಿ ನನಗೂ ಬರುತ್ತಿದ್ದವು. ಮೊದಲನೆಯದು ಇಪ್ಪತ್ತೆರಡು, ಕೊನೆಯದು ಅರವತ್ತು.

ಮೊದಲ ಜಾಗ ಬಂಡೆಮ್ಮನದು. ನಾನು ಕೆಲಸಕ್ಕೆ ಸೇರಿದ ವರ್ಷವೆಲ್ಲ ನನಗೆ ಉಣ್ಣಲು ಇಕ್ಕಿದವಳು. ಕಂದೀಲಿಗೆ ಬತ್ತಿ ಹಾಕುವವಳಿಗೇ ನಾನು ಬತ್ತಿ ಇಟ್ಟೆ.

"ಯವ್ವಾ, ಲೆಕ್ಕ ಹೇಳ್ತದ. ನಿನ್ನ ಕೈ ಭಾಳ ನಿಧಾನ," ಅಂದೆ, ಎಲ್ಲರೆದುರು.

ಆಕೆ ತನ್ನ ಬೆರಳುಗಳನ್ನು ತಿರುಗಿಸಿ ನೋಡಿಕೊಂಡಳು. "ಹೌದೇನೋ ತಮ್ಮಾ? ನಂಗ ಗೊತ್ತೇ ಆಗಿಲ್ಲ ನೋಡು." ಸೆರಗು ಕೊಡವಿ ಎದ್ದಳು; ಅಂದೇ ತನ್ನೂರಾದ ಕಮಲಾಪುರಕ್ಕೆ ಹೋದಳು.

ಆರು ದಿನದ ಮೇಲೆ ಮುನ್ಷಿ ಮರಳಿದ. ನಿಕಾಹದ ಗಡಿಬಿಡಿಯಲ್ಲಿ ಯಾರ ಅಂಕಿ ಎಷ್ಟೆಂಬುದು ಅವನಿಗೆ ಮರೆತೇ ಹೋಗಿತ್ತು; ಹುಕುಂ ಮೇಲೆ ಬಂಡೆಮ್ಮನ ಹೆಬ್ಬೆಟ್ಟಿಲ್ಲದ್ದು ಮಾತ್ರ ಅವನ ಕಣ್ಣಿಗೆ ಬಿತ್ತು. ಹೆಬ್ಬೆಟ್ಟಿಲ್ಲದೆ ಅದು ಪಕ್ಕಾ ಅಲ್ಲ. ಇಬ್ಬರೂ ಬಸ್ಸು ಹತ್ತಿದೆವು.

ಕಮಲಾಪುರದ ಸಂತೆಯಲ್ಲಿ ಆಕೆ ಕೆಂಪು ಬಾಳೆಗೊನೆಗಳ ನಡುವೆ ಕೂತಿದ್ದಳು. ನನ್ನ ಕೈಗೊಂದು ಹಣ್ಣು ಕೊಟ್ಟಳು. "ಬಿಸಲಾಗ ಬಂದೀದಿ, ಮೊದಲು ತಿನ್ನು. ಹೆಬ್ಬಟ್ಟು ಎಲ್ಲಿ ಒತ್ತಲಿ?"

"ಜರಾ ಠಹರೋ," ಅಂದ ಮುನ್ಷಿ. "ಓದಿ ಹೇಳದೇ ಅಂಗುಠಾ ತಗೋಳಾಂಗಿಲ್ಲ. ಕಾಯದಾ ಅದಾ." ಕನ್ನಡಕ ಏರಿಸಿದ. "ಮೊದಲನೇ ಜಾಗಾ, ಅರವತ್ತು."

"ಇಪ್ಪತ್ತೆರಡು," ನಾನು ತಿದ್ದಿದೆ.

"ಮೇಸ್ತ್ರಿ, ಉರ್ದು ಬರೆಯೋದು ಸೀದಾ ಕೈ ಕಡಿಂದ. ಬಲಕ್ಕಿಂದ ಓದಬೇಕ್ರೀ. ನೀವು ಎಡಕ್ಕಿಂದ ಓದೀರಿ!"

ಸೀದಾ ಕೈಯ ಮಾತಿಗೆ ನನ್ನ ಮುಖ ಸೀದು ಹೋಯಿತು. ಕಚ್ಚಿದ ಹಣ್ಣನ್ನು ಮತ್ತೆ ಸಿಪ್ಪೆಯೊಳಗೆ ಮುಚ್ಚಿದೆ.

ಕಾಯದೆ ಎಂದರೆ ಪೂರಾ ಓದಬೇಕಲ್ಲ, ಅವನು ಓದಿದ. ಎರಡನೇ ಜಾಗ ನಲವತ್ತೆಂಟು, ಮೂರನೇದು ನಲವತ್ತೊಂದು. ನಾಲ್ಕನೆಯದಕ್ಕೆ ದನಿ ತಗ್ಗಿಸಿದ. ಅಷ್ಟು ಗದ್ದಲದಲ್ಲೂ ಕೇಳಿಸಿತು.

ಬಂಡೆಮ್ಮ ನಕ್ಕಿದ್ದರೆ ಚಲೋ ಇತ್ತು. ನಗಲಿಲ್ಲ.

"ಆರು ದಿನಾ ಈ ಬೆರಳ ನೋಡ್ಕೋತ ಕುಂತೀನೋ ತಮ್ಮಾ, ಏನಾಗ್ಯಾದ ಇವಕ್ಕ ಅಂತ."

ನಾನು ನೆಲ ನೋಡಿದೆ. "ಹುಕುಂ ಹರಿದುಬಿಡು ಪಾಶಾ," ಅಂದೆ.

"ಹೆಂಗ್ ಹರೀಲಿ? ಸಾಹುಕಾರರ ರುಜು ಅದಾ. ಇದರಾಗ ಬಂಡೆಮ್ಮನ ಹೆಸರೇ ಇಲ್ಲ. 'ಎಲ್ಲಾರಕಿಂತ ಕಮ್ಮಿ ಅಂಕಿ ಯಾರದೋ ಅವರು' ಅಂತ ಬರದದ," ಎಂದು ಮುನ್ಷಿ ಶಾಯಿಯ ಡಬ್ಬಿಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದ.